ಬರಹ ಕಡಿಮೆ, ಕ್ರೆಡಿಟ್ ಹೆಚ್ಚು: ಆನ್‌ಲೈನ್ ತಾಂತ್ರಿಕ ಪದವಿಗೆ ದುಡ್ಡು ಕಟ್ಟುವ ಮುನ್ನ

"ಡಿಪ್ಲೊಮಾ ಐತಲ್ಲ, ಅದರ ಕ್ರೆಡಿಟ್ ಟ್ರಾನ್ಸ್‌ಫರ್ ಮಾಡಸ್ತೀವಿ. ಅಸೈನ್‌ಮೆಂಟ್ ನಾವ ಬರದ ಕೊಡ್ತೀವಿ. ಒಂದ ವರ್ಷದಾಗ ಬಿ.ಟೆಕ್ ನಿಮ್ಮ ಕೈಯಾಗ." ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ದುಡಿಯುವ ಹುಡುಗ ಹುಡುಗಿಯರಿಗೆ ಯಾರಾದರೂ ಹೀಗೆ ಹೇಳಿದರೆ ಕಿವಿ ನಿಮಿರುವುದು ಸಹಜ. ಹತ್ತರಗಿಯ ಎಸ್‌ಇಝಡ್‌ನಲ್ಲಿ ಶಿಫ್ಟ್ ಮುಗಿಸಿ ಬರುವವರಿಗೆ, ಕಬ್ಬಿನ ಕಾರ್ಖಾನೆಯ ಹಂಗಾಮಿನಲ್ಲಿ ಹಗಲು ರಾತ್ರಿ ನೋಡದವರಿಗೆ, ಮದುವೆಯಾಗಿ ಓದು ಅರ್ಧಕ್ಕೆ ಬಿಟ್ಟವರಿಗೆ ರೆಗ್ಯುಲರ್ ಕಾಲೇಜು ದೂರದ ಮಾತು. ಕಡಿಮೆ ಬರೆಯಬೇಕು, ಹಿಂದೆ ಓದಿದ್ದು ವ್ಯರ್ಥವಾಗಬಾರದು ಎಂಬ ಆಸೆಯಲ್ಲಿ ತಪ್ಪೇನೂ ಇಲ್ಲ. ಆ ಆಸೆಗೆ ಕಾನೂನಿನಲ್ಲೇ ದಾರಿ ಇದೆ. ಆದರೆ ಮೇಲಿನ ಮೂರು ಭರವಸೆಗಳಲ್ಲಿ ಒಂದೂ ಆ ದಾರಿಯದ್ದಲ್ಲ.

ಕೊನೆಯದನ್ನೇ ಮೊದಲು ನೋಡೋಣ. ಭಾರತದಲ್ಲಿ ಬಿ.ಇ. ಅಥವಾ ಬಿ.ಟೆಕ್ ಪದವಿಯನ್ನು ದೂರಶಿಕ್ಷಣದಲ್ಲಾಗಲಿ ಆನ್‌ಲೈನ್‌ನಲ್ಲಾಗಲಿ ಕೊಡಲು ಅನುಮತಿ ಇಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2020ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಮುಕ್ತ, ದೂರ ಮತ್ತು ಆನ್‌ಲೈನ್ ಶಿಕ್ಷಣದ ನಿಯಮಗಳ ನಿಷೇಧಿತ ಪಟ್ಟಿಯಲ್ಲಿ ಎಂಜಿನಿಯರಿಂಗ್ ಇದೆ. ಅದಕ್ಕೂ ಮೊದಲು, 2017ರ ನವೆಂಬರ್ 3ರಂದು, ಒರಿಸ್ಸಾ ಲಿಫ್ಟ್ ಇರಿಗೇಶನ್ ಕಾರ್ಪೊರೇಶನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಾಲ್ಕು ಡೀಮ್ಡ್ ವಿಶ್ವವಿದ್ಯಾಲಯಗಳು ಅಂಚೆ ಶಿಕ್ಷಣದಲ್ಲಿ ಕೊಟ್ಟಿದ್ದ ಎಂಜಿನಿಯರಿಂಗ್ ಪದವಿಗಳ ಮೇಲೆ ಕೈ ಹಾಕಿತು. 2001ರಿಂದ 2005ರವರೆಗೆ ಸೇರಿದ್ದವರ ಪದವಿ ಅಮಾನತಾಯಿತು, ಅವರು ಮತ್ತೆ ಪರೀಕ್ಷೆಗೆ ಕೂರಬೇಕಾಯಿತು. ನಂತರ ಸೇರಿದವರ ಪದವಿಯೇ ರದ್ದು. ನೌಕರಿಗೆ ಸೇರಿ ಬಡ್ತಿ ಪಡೆದವರೂ ಇದರಲ್ಲಿದ್ದರು.

ಬಿ.ಟೆಕ್ ಬೇಕೇ ಬೇಕು ಎನ್ನುವ ಡಿಪ್ಲೊಮಾದವರಿಗೆ ನೇರ ದಾರಿ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಎರಡನೇ ವರ್ಷಕ್ಕೆ ಸೇರುವುದು. ನಿಡಸೋಶಿಯಲ್ಲೇ ವಿಟಿಯು ವ್ಯಾಪ್ತಿಯ ಎಂಜಿನಿಯರಿಂಗ್ ಕಾಲೇಜು ಇದೆ. ನೌಕರಿ ಬಿಡಲಾಗದವರಿಗಾಗಿ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ ಆಯ್ದ ಕಾಲೇಜುಗಳಿಗೆ ಹೊಂದಿಕೆಯ ಸಮಯದ ತರಗತಿಗೂ ಅನುಮತಿ ಕೊಡುತ್ತಿದೆ. ಆನ್‌ಲೈನ್‌ನಲ್ಲೇ ಓದುವುದಾದರೆ ಬಿಸಿಎ, ಎಂಸಿಎ, ಡೇಟಾ ಸೈನ್ಸ್‌ನಂಥ ಪದವಿಗಳಿವೆ. ಐಐಟಿ ಮದ್ರಾಸ್ 2020ರಲ್ಲಿ ಪ್ರಕಟಿಸಿದ ಡೇಟಾ ಸೈನ್ಸ್ ಪದವಿ ಬಿ.ಎಸ್. ಪದವಿ, ಬಿ.ಟೆಕ್ ಅಲ್ಲ. ಪಾಠ ಮನೆಯಲ್ಲಿ, ಪರೀಕ್ಷೆ ಮಾತ್ರ ಕೇಂದ್ರಕ್ಕೆ ಹೋಗಿ ಬರೆಯಬೇಕು. ಸರ್ಟಿಫಿಕೇಟ್ ಅಥವಾ ಡಿಪ್ಲೊಮಾ ಹಂತದಲ್ಲಿ ನಿಲ್ಲಿಸಿ ಹೊರಬರಲು ಅವಕಾಶವಿದೆ, ಕಡಿಮೆ ಆದಾಯದ ಕುಟುಂಬಕ್ಕೆ ಶುಲ್ಕದಲ್ಲಿ ದೊಡ್ಡ ರಿಯಾಯಿತಿಯೂ ಇದೆ.

ಇಲ್ಲಿ ನಮ್ಮ ರಾಜ್ಯದ್ದೇ ಒಂದು ಕಥೆಯನ್ನು ನೆನೆಯಲೇಬೇಕು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಸರ್ಕಾರದ ಕಾಯ್ದೆಯಿಂದಲೇ ಹುಟ್ಟಿದ ಸಂಸ್ಥೆ, 1996ರಲ್ಲಿ ಆರಂಭವಾದದ್ದು. ರಾಜ್ಯದ ಹೊರಗೆ ಖಾಸಗಿ ಸಂಸ್ಥೆಗಳ ಮೂಲಕ ತಾಂತ್ರಿಕ ಕೋರ್ಸುಗಳನ್ನೂ ನಡೆಸಿದ್ದು ಯುಜಿಸಿಯ ಆಕ್ಷೇಪಕ್ಕೆ ಗುರಿಯಾಯಿತು. 2012-13ರ ಆಚೆಗೆ ಅದರ ಕೋರ್ಸುಗಳಿಗೆ ಮಾನ್ಯತೆ ಇಲ್ಲವೆಂದು 2015ರ ಜೂನ್‌ನಲ್ಲಿ ಯುಜಿಸಿ ಸಾರ್ವಜನಿಕ ಸೂಚನೆ ಹೊರಡಿಸಿತು. ಮತ್ತೆ ಮಾನ್ಯತೆ ಸಿಕ್ಕಿದ್ದು 2018ರ ಆಗಸ್ಟ್‌ನಲ್ಲಿ, ಅದೂ ತಾಂತ್ರಿಕವಲ್ಲದ ಕೋರ್ಸುಗಳಿಗೆ. ನಡುವಿನ ವರ್ಷಗಳಲ್ಲಿ ಸೇರಿದವರು ಅಂಕಪಟ್ಟಿ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆದರು. ಅವರು ಯಾವ ನಕಲಿ ಅಂಗಡಿಗೂ ಹೋಗಿದ್ದವರಲ್ಲ, ಸರ್ಕಾರಿ ವಿಶ್ವವಿದ್ಯಾಲಯದ ಹೆಸರು ನಂಬಿದ್ದವರು. ಇಂದು ಆ ವಿಶ್ವವಿದ್ಯಾಲಯ ಮತ್ತೆ ಮಾನ್ಯತೆಯೊಂದಿಗೆ ನಡೆಯುತ್ತಿದೆ. ಆದರೂ ಆ ಹುಡುಗರ ವರ್ಷಗಳನ್ನು ಯಾರೂ ಹಿಂದಿರುಗಿಸಲಿಲ್ಲ, ನನಗೆ ಇವತ್ತಿಗೂ ಸಂಕಟ ಕೊಡುವ ಸಂಗತಿ ಅದು.

ಆದ್ದರಿಂದ "ಯೂನಿವರ್ಸಿಟಿ ಮಾನ್ಯತೆ ಪಡೆದದ್ದೇ?" ಎಂದಷ್ಟೇ ಕೇಳಿದರೆ ಸಾಲದು. ಈ ಕೋರ್ಸಿಗೆ, ಈ ವಿಧಾನಕ್ಕೆ, ನಾನು ಸೇರುವ ಈ ಅವಧಿಗೆ ಅನುಮತಿ ಇದೆಯೇ ಎಂದು ಕೇಳಬೇಕು. ಉತ್ತರ ಯುಜಿಸಿಯ ದೂರಶಿಕ್ಷಣ ಬ್ಯೂರೋದ (ಡಿಇಬಿ) ಜಾಲತಾಣದಲ್ಲಿದೆ. ಜುಲೈ ಮತ್ತು ಜನವರಿ ಅವಧಿಗಳ ಪಟ್ಟಿ ಅಲ್ಲಿ ಬೇರೆ ಬೇರೆ ಸಿಗುತ್ತದೆ. ದೂರಶಿಕ್ಷಣದ್ದು ಬೇರೆ, ಆನ್‌ಲೈನ್‌ನದ್ದು ಬೇರೆ. ವಿಶ್ವವಿದ್ಯಾಲಯದ ಹೆಸರು ಕಂಡ ಕೂಡಲೇ ಪುಟ ಮುಚ್ಚಬೇಡಿ. ಎದುರಿನ ಸಾಲಿನಲ್ಲಿ ನಿಮ್ಮ ಕೋರ್ಸಿನ ಹೆಸರು ಅಕ್ಷರಶಃ ಇದೆಯೇ ನೋಡಿ, ದಿನಾಂಕ ಕಾಣುವಂತೆ ಪ್ರತಿ ತೆಗೆದಿಡಿ. 2024ರಿಂದ ಪ್ರವೇಶಕ್ಕೆ ಡಿಇಬಿ ಐಡಿ ಕಡ್ಡಾಯ. ಡಿಜಿಲಾಕರ್ ಮೂಲಕ ಎಬಿಸಿ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್) ಅಥವಾ ಅಪಾರ್ ಐಡಿ ಮಾಡಿಸಿ, ಅದರ ಆಧಾರದ ಮೇಲೆ ಡಿಇಬಿ ಐಡಿ ಪಡೆದು, ವಿಶ್ವವಿದ್ಯಾಲಯದ ಜಾಲತಾಣದಲ್ಲೇ ಅರ್ಜಿ ಹಾಕಿ, ಶುಲ್ಕವನ್ನೂ ಅಲ್ಲೇ ಕಟ್ಟಿ. ಫ್ರಾಂಚೈಸಿ ವ್ಯವಸ್ಥೆಯನ್ನು ಯುಜಿಸಿ ನಿಷೇಧಿಸಿದೆ. "ಡಿಇಬಿ ಐಡಿ ಬ್ಯಾಡ, ನಮ್ಮ ಆಫೀಸಿಗೆ ಕಟ್ಟಿರಿ" ಎಂದವರಿಂದ ದೂರ ಇರಿ.

ಇನ್ನು ಕ್ರೆಡಿಟ್. ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ನಿಯಮಗಳು 2021ರ ಜುಲೈನಲ್ಲಿ ಜಾರಿಗೆ ಬಂದವು. ಒಂದು ಕಡೆ ಗಳಿಸಿದ ಕ್ರೆಡಿಟ್ಟನ್ನು ಇನ್ನೊಂದು ಕಡೆ ಬಳಸಬಹುದು, ಗರಿಷ್ಠ ಏಳು ವರ್ಷ ಅದು ಉಳಿಯುತ್ತದೆ. ಆದರೆ 2021-22ರಿಂದ ಈಚೆಗೆ ಗಳಿಸಿದ್ದು ಮಾತ್ರ ಈ ಖಾತೆಗೆ ಸೇರುತ್ತದೆ. ಪದವಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಬೇಕು. 'ಸ್ವಯಂ' ಆನ್‌ಲೈನ್ ವೇದಿಕೆಯ ಕೋರ್ಸುಗಳನ್ನು ಒಂದು ಸೆಮಿಸ್ಟರಿನ ಶೇಕಡಾ 40ರವರೆಗೆ ಲೆಕ್ಕಕ್ಕೆ ತೆಗೆದುಕೊಳ್ಳಲು ಅವಕಾಶವಿದೆ. ವಿಶ್ವವಿದ್ಯಾಲಯ ಒಪ್ಪಲೇಬೇಕೆಂಬ ಬಲವಂತ ಇಲ್ಲ. ಹಳೆಯ ಅಂಕಪಟ್ಟಿ ತೋರಿಸಿ ಮೂರು ವರ್ಷದ ಪದವಿ ಒಂದೇ ವರ್ಷಕ್ಕೆ ಇಳಿಯುವುದಿಲ್ಲ. ವೇಗದ ಪದವಿಗೆಂದು ಯುಜಿಸಿ 2024ರ ಕೊನೆಯಲ್ಲಿ ಒಪ್ಪಿದ ವ್ಯವಸ್ಥೆಯಲ್ಲೂ ಮೂರು ವರ್ಷದ ಪದವಿಯಲ್ಲಿ ಉಳಿತಾಯವಾಗುವುದು ಒಂದು ಸೆಮಿಸ್ಟರ್ ಮಾತ್ರ. ನಿಮ್ಮ ಯಾವ ವಿಷಯಕ್ಕೆ ಎಷ್ಟು ಕ್ರೆಡಿಟ್ ಕೊಡುತ್ತಾರೆ ಎಂಬುದನ್ನು ಶುಲ್ಕ ಕಟ್ಟುವ ಮೊದಲೇ ಕುಲಸಚಿವರ ಕಚೇರಿಯಿಂದ ಪತ್ರ ಅಥವಾ ಇಮೇಲ್ ಮೂಲಕ ಪಡೆಯಿರಿ. ಹಿಂದಿನ ದಿನಾಂಕ ಹಾಕಿದ ಅಂಕಪಟ್ಟಿ ಕೊಡುತ್ತೇನೆ ಎಂದವನ ಸಹವಾಸ ಬೇಡ. ನಕಲಿ ಎಂದು ಗೊತ್ತಿದ್ದೂ ಬಳಸಿದರೆ ಭಾರತೀಯ ನ್ಯಾಯ ಸಂಹಿತೆಯಲ್ಲಿ ಬಳಸಿದವರೂ ಆರೋಪಿಗಳೇ.

ಬರಹದ ಮಾತಿಗೆ ಬರೋಣ. ಯುಜಿಸಿ ನಿಯಮದಂತೆ ಅಸೈನ್‌ಮೆಂಟ್ ಮುಂತಾದ ಆಂತರಿಕ ಮೌಲ್ಯಮಾಪನಕ್ಕೆ ಗರಿಷ್ಠ ಶೇಕಡಾ 30, ಸೆಮಿಸ್ಟರ್ ಕೊನೆಯ ಪರೀಕ್ಷೆಗೆ ಕನಿಷ್ಠ ಶೇಕಡಾ 70 ಅಂಕ. ಪರೀಕ್ಷೆ ಮೇಲ್ವಿಚಾರಣೆಯಲ್ಲೇ ನಡೆಯಬೇಕು. ಹೀಗಿರುವಾಗ ಏಜೆಂಟ್ ಬರೆದುಕೊಟ್ಟ ಅಸೈನ್‌ಮೆಂಟಿನಿಂದ ಪದವಿ ದಕ್ಕದು. ಪ್ರಬಂಧ ಬರೆಯುವುದು ಕಷ್ಟ ಎನ್ನುವವರು ಪ್ರೋಗ್ರಾಮಿಂಗ್, ಪ್ರಾಜೆಕ್ಟ್, ಕಂಪ್ಯೂಟರ್‌ನಲ್ಲೇ ಉತ್ತರಿಸುವ ಪರೀಕ್ಷೆ ಹೆಚ್ಚಿರುವ ಕೋರ್ಸನ್ನು ಪಠ್ಯಕ್ರಮ ನೋಡಿಯೇ ಆರಿಸಿಕೊಳ್ಳಬಹುದು. ಪ್ರತಿ ಪತ್ರಿಕೆಯ ಮೌಲ್ಯಮಾಪನದ ವಿವರ ಅದರಲ್ಲಿರುತ್ತದೆ. ಇಂಗ್ಲಿಷ್‌ಗೆ ಹೆದರಿ ಬರಹದಿಂದ ದೂರ ಸರಿಯುವ ಕನ್ನಡ ಮಾಧ್ಯಮದವರು ಇನ್ನೊಂದು ಸಂಗತಿ ತಿಳಿದಿರಲಿ: ಇಂಗ್ಲಿಷ್ ಮಾಧ್ಯಮದ ಕೋರ್ಸಿನಲ್ಲೂ ಸ್ಥಳೀಯ ಭಾಷೆಯಲ್ಲಿ ಉತ್ತರ ಬರೆಯಲು ಬಿಡಿ ಎಂದು ಯುಜಿಸಿ 2023ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯಗಳನ್ನು ಕೋರಿದೆ. ಅದು ಕೋರಿಕೆಯಷ್ಟೇ, ಆದರೂ ಅದನ್ನು ಉಲ್ಲೇಖಿಸಿ ಅರ್ಜಿ ಕೊಡಲು ಅಡ್ಡಿಯಿಲ್ಲ.

ಕೈ ನಡುಗುವುದರಿಂದಲೋ ಬೆರಳು ಸೆಟೆಯುವುದರಿಂದಲೋ ಬರೆಯಲಾಗದವರದು ಬೇರೆ ಪ್ರಶ್ನೆ, ಅವರಿಗಿರುವುದು ಹಕ್ಕು. ವಿಕಾಶ್ ಕುಮಾರ್ ಎಂಬ ನಾಗರಿಕ ಸೇವಾ ಪರೀಕ್ಷೆಯ ಅಭ್ಯರ್ಥಿಗೆ ಬರೆಯುವಾಗ ಬೆರಳು ಹಿಡಿದುಕೊಳ್ಳುವ ತೊಂದರೆ ಇತ್ತು. ಅಂಗವೈಕಲ್ಯ ಶೇಕಡಾ 40 ಇಲ್ಲ ಎಂಬ ಕಾರಣಕ್ಕೆ ಬರೆಯುವ ಸಹಾಯಕರನ್ನು ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಫೆಬ್ರವರಿ 11ರಂದು ತೀರ್ಪು ಕೊಟ್ಟಿತು. ಅದರ ಬೆನ್ನಿಗೆ 2022ರ ಆಗಸ್ಟ್‌ನಲ್ಲಿ ಕೇಂದ್ರದ ಮಾರ್ಗಸೂಚಿಯೂ ಬಂತು. ಸರ್ಕಾರಿ ಆಸ್ಪತ್ರೆಯ ವೈದ್ಯರಿಂದ ನಿಗದಿತ ನಮೂನೆಯ ಪ್ರಮಾಣಪತ್ರ ಪಡೆದು, ಪರೀಕ್ಷೆಗೆ ಸಾಕಷ್ಟು ಮುಂಚೆ ಅರ್ಜಿ ಸಲ್ಲಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ನಮ್ಮ ಹಳ್ಳಿಗಳಲ್ಲಿ ಇಂಥವರಿಗೆ "ಅಕ್ಷರ ಬರೂದಿಲ್ಲ" ಎಂಬ ಹಣೆಪಟ್ಟಿ ಕಟ್ಟಿ ಓದು ಬಿಡಿಸುವುದು ಅನ್ಯಾಯ.

ದುಡ್ಡಿನ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. "ಬಡ್ಡಿ ಇಲ್ಲದ ಇಎಂಐ" ಎಂದು ಹೇಳಿ ಒಟಿಪಿ ಕೇಳಿದರೆ, ಅದು ಹಣಕಾಸು ಕಂಪನಿಯಿಂದ ನಿಮ್ಮ ಹೆಸರಿನಲ್ಲಿ ಎತ್ತುವ ಸಾಲ ಆಗಿರಬಹುದು. ಕೋರ್ಸ್ ಬಿಟ್ಟರೂ ಕಂತು ನಿಲ್ಲುವುದಿಲ್ಲ, ಸಿಬಿಲ್ ಸ್ಕೋರ್ ಕೆಟ್ಟರೆ ಮುಂದೆ ಟ್ರ್ಯಾಕ್ಟರ್ ಸಾಲಕ್ಕೂ ತೊಡಕು. ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲ ನಿಯಮಗಳಂತೆ ಸಾಲದ ಮುಖ್ಯಾಂಶ ಪತ್ರ ಮೊದಲೇ ಕೊಡಬೇಕು. ಆರಂಭದ ನಿಗದಿತ ಅವಧಿಯಲ್ಲಿ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕಟ್ಟಿ ದಂಡವಿಲ್ಲದೆ ಹೊರಬರಬಹುದು. ಆ ಅವಧಿ ತೀರಾ ಚಿಕ್ಕದು, ಸಹಿ ಹಾಕಿದ ದಿನವೇ ಪತ್ರ ಓದಿ. ಮೂಲ ಅಂಕಪಟ್ಟಿಯನ್ನು ಯಾರ ಬಳಿಯೂ ಬಿಡಬೇಡಿ. ಪರಿಶೀಲಿಸಿ ಆಗಲೇ ಹಿಂದಿರುಗಿಸಬೇಕು ಎಂಬುದು ಯುಜಿಸಿಯ 2018ರ ಸೂಚನೆ.

ಮೋಸ ಆಗಿಯೇ ಹೋದರೆ? ಆನ್‌ಲೈನ್‌ನಲ್ಲಿ ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಠಾಣೆಯಲ್ಲಿ ವಂಚನೆಯ ದೂರು ಕೊಡಿ. ದೂರು ವಿಶ್ವವಿದ್ಯಾಲಯದ ಮೇಲಾದರೆ ಮೊದಲು ಅಲ್ಲಿನ ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ ಬರೆಯಿರಿ. 2023ರ ನಿಯಮದಂತೆ ಅದು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು, ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ಒಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ಯುಜಿಸಿಯ ದೂರು ಪೋರ್ಟಲ್ ಇ-ಸಮಾಧಾನ್ ಕೂಡ ಇದೆ. ಗ್ರಾಹಕ ಆಯೋಗದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ: ವಿಶ್ವವಿದ್ಯಾಲಯ ಕೊಡುವ ಶಿಕ್ಷಣ ಗ್ರಾಹಕ ಕಾಯ್ದೆಯ 'ಸೇವೆ' ಅಲ್ಲ ಎಂಬ ತೀರ್ಪುಗಳಿವೆ. ಹಾಗಾಗಿ ಸುಳ್ಳು ಜಾಹೀರಾತು ಕೊಟ್ಟು ಹಣ ಪಡೆದ ಏಜೆಂಟ್ ಅಥವಾ ಕನ್ಸಲ್ಟೆನ್ಸಿಯ ವಿರುದ್ಧ ದೂರು ಹೂಡುವುದು ಹೆಚ್ಚು ಗಟ್ಟಿ. ಅವರ ಕಚೇರಿ ದೆಹಲಿಯಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ, ಅಂದರೆ ಬೆಳಗಾವಿಯ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಸಲ್ಲಿಸಬೇಕು. ವಕೀಲರಿಗೆ ಕೊಡಲು ಹಣವಿಲ್ಲದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಅಥವಾ 15100ಕ್ಕೆ ಕರೆ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಉಚಿತ ವಕೀಲರ ನೆರವು ಆದಾಯ ಕೇಳದೆ ಸಿಗುತ್ತದೆ. ಹೋಗುವಾಗ ರಸೀದಿ, ವಾಟ್ಸ್‌ಆ್ಯಪ್ ಮಾತುಕತೆ, ಜಾಹೀರಾತಿನ ಪ್ರತಿ, ಸಾಲದ ಪತ್ರ ಜೊತೆಗಿರಲಿ.