ಪುಟ್ಟ ಅಂಬಾಸಿಡರ್ ಕೊಳ್ಳುವ ಮುನ್ನ

ನೋಡಪ್ಪಾ, ಅಂಬಾಸಿಡರ್ ಕಾರಿನ ಮೇಲೆ ನಿನಗಿರುವ ಪ್ರೀತಿ ಕಂಡು ಖುಷಿಯಾಯಿತು. 2014ರಲ್ಲಿ ಉತ್ತರಪಾರಾದ ಕಾರ್ಖಾನೆಯಲ್ಲಿ ಅದರ ತಯಾರಿಕೆ ನಿಂತಿತು. ಈಗ ರಸ್ತೆಯಲ್ಲಿ ಕಾಣಸಿಗುವುದೇ ಅಪರೂಪ. ಅದರ ಪುಟ್ಟ ರೂಪವೊಂದು ಮನೆಯಲ್ಲಿರಲಿ ಎಂಬ ನಿನ್ನ ಆಸೆ ನ್ಯಾಯವಾದದ್ದೇ. ಆದರೆ ಸ್ಕೇಲ್ ಮಾಡೆಲನ್ನೂ ಆಟಿಕೆಯನ್ನೂ ಪಕ್ಕಪಕ್ಕ ಇಟ್ಟು ಯಾವುದು ಮೇಲು ಎಂದು ಕೇಳಬೇಡ. ಯಾವುದನ್ನು ಯಾತಕ್ಕೆ ಮಾಡಿದ್ದಾರೆ ಎಂದು ಕೇಳು.

ಮಾಡೆಲ್ ಕೊಳ್ಳುವಾಗ ಅಳತೆಯಲ್ಲಿ ರಾಜಿಯಾಗಬೇಡ. ಅಸಲಿ ಕಾರಿನ ಉದ್ದ ಸುಮಾರು 4.3 ಮೀಟರ್. 1:43 ಎಂದು ಬರೆದಿದ್ದರೆ ಮಾಡೆಲ್ 10 ಸೆಂ.ಮೀ. ಇರಬೇಕು, ಅಡಿಪಟ್ಟಿ ಹಿಡಿದು ನೋಡು. ಅದರಲ್ಲಿ 1 ಮಿ.ಮೀ. ತಪ್ಪಿದರೆ ಅಸಲಿಯಲ್ಲಿ 4 ಸೆಂ.ಮೀ. ತಪ್ಪಿದ ಲೆಕ್ಕ. ಟಾಪು ಅಷ್ಟು ತಗ್ಗಿದರೂ ಅಂಬಾಸಿಡರ್‌ನ ಆ ಗುಂಡು ಗಾಂಭೀರ್ಯ ಹೋಗಿಬಿಡುತ್ತದೆ. ಮಾಡೆಲನ್ನು ಕಣ್ಣಿನ ಮಟ್ಟಕ್ಕೆ, 30 ಸೆಂ.ಮೀ. ದೂರದಲ್ಲಿ ಹಿಡಿ. ನಿಜವಾದ ಕಾರನ್ನು ಸುಮಾರು 13 ಮೀಟರ್ ದೂರ ನಿಂತು ನೋಡಿದ ಹಾಗೆ ಅದು. ಅಷ್ಟೇ ದೂರದಿಂದ ತೆಗೆದ ಫೋಟೊ ಜೊತೆ ಹೋಲಿಸು: ಉಬ್ಬಿದ ಬಾನೆಟ್, ಹಿಂದಕ್ಕೆ ಇಳಿಯುವ ಡಿಕ್ಕಿ, ಚಕ್ರಕ್ಕೂ ಮಡ್‌ಗಾರ್ಡ್‌ಗೂ ನಡುವಿನ ಸಂದು. ಗ್ರಿಲ್ ಅಂತೂ ಮರೆಯದೆ ನೋಡು. ಅಂಬಾಸಿಡರ್ ಮಾರ್ಕ್ 2ರ ಗ್ರಿಲ್ ಬೇರೆ, ಮಾರ್ಕ್ 3ರದು ಬೇರೆ. ಡಬ್ಬಿಯ ಮೇಲಿನ ಹೆಸರಿಗೂ ಒಳಗಿನ ಕಾರಿಗೂ ತಾಳೆಯಾಗಬೇಕು.

ಆಟಿಕೆಗೆ ಈ ಅಡಿಪಟ್ಟಿ ಹಿಡಿಯುವುದು ಅನ್ಯಾಯ. ಹಿಂದಕ್ಕೆಳೆದು ಬಿಟ್ಟರೆ ಓಡುವ ಕಾರಿನ ಹೊಟ್ಟೆಯಲ್ಲಿ ಸ್ಪ್ರಿಂಗ್ ಇದೆ, ಹಲ್ಲುಚಕ್ರಗಳಿವೆ. ಅವಕ್ಕೆ ಜಾಗ ಬೇಕು. ಹಾಗಾಗಿ ಸೀಟು ಮೇಲೆದ್ದಿರುತ್ತದೆ. ನೆಲ ಕಚ್ಚಿ ಓಡಬೇಕು. ಹಾಗಾಗಿ ಚಕ್ರ ದಪ್ಪ. ವೈಪರನ್ನು ಬಾಡಿಯಲ್ಲೇ ಅಚ್ಚು ಹಾಕಿದ್ದರೆ ಅದು ಕಿತ್ತು ಮಗುವಿನ ಬಾಯಿಗೆ ಹೋಗುವುದಿಲ್ಲ. ಇವನ್ನು ದೋಷ ಅನ್ನಬೇಡ. ಆಟಿಕೆಯನ್ನು ಅಂಗಡಿಯ ನೆಲದ ಮೇಲೇ ಓಡಿಸಿ ನೋಡು: ನೇರ ಹೋಗುತ್ತದೆಯೇ, ಅಂಚು ಎಲ್ಲಾದರೂ ಕೈಗೆ ತರಚುತ್ತದೆಯೇ, ಚಕ್ರ ಗಟ್ಟಿಯಾಗಿದೆಯೇ. ಇಷ್ಟು ಸರಿಯಿದ್ದರೆ ಅದು ಒಳ್ಳೆಯ ಆಟಿಕೆ.

ಮಾಡೆಲನ್ನು ಬಿಸಿಲು ಬೀಳದ ಕಡೆ, ಗಾಜಿನೊಳಗೆ ಇಡು. ಎತ್ತುವಾಗ ಮಿರರ್, ಬಂಪರ್ ಹಿಡಿಯದೆ ತಳ ಹಿಡಿದೇ ಎತ್ತು. ಧೂಳು ಒರೆಸಲು ಬಟ್ಟೆ ಬೇಡ, ಎಳೆಗಳಿಗೆ ಸಿಕ್ಕಿ ವೈಪರ್ ಮುರಿದೀತು. ಮೆತ್ತನೆಯ ಬ್ರಷ್ ಸಾಕು.

ಕೊನೆಗೆ ಒಂದು ಮಾತು. ಕಪಾಟಿನ ಕಡೆ ಕೈಚಾಚಿದ ಮಗುವನ್ನು ಗದರಬೇಡಪ್ಪಾ. ಮಾಡೆಲ್ ಕೊಳ್ಳುವ ದಿನವೇ ಆಟಿಕೆಯನ್ನೂ ತಂದು ಅದರ ಕೈಗೆ ಕೊಡು. ನಾವು ಅಂಬಾಸಿಡರನ್ನು ಇಷ್ಟಪಟ್ಟದ್ದು ಅದರಲ್ಲಿ ಕೂತು, ಅದನ್ನು ಮುಟ್ಟಿ. ಮುಂದಿನ ಮಕ್ಕಳಿಗೆ ಆ ಅವಕಾಶವಿಲ್ಲ. ಅವರು ನೆಲದ ಮೇಲೆ ಓಡಿಸಿಯೇ ಅದನ್ನು ತಮ್ಮದು ಮಾಡಿಕೊಳ್ಳಬೇಕು.