ನವ ಉದಾರವಾದ : ನಿಪ್ಪಾಣಿಯ ತಂಬಾಕು ಕಲಿಸುವ ಪಾಠ

‘ಉದಾರ’ ಶಬ್ದಕ್ಕೆ ದಾನಶೀಲ, ವಿಶಾಲಹೃದಯಿ ಎಂಬ ಅರ್ಥಗಳು ಪ್ರಸಿದ್ಧವಾಗಿವೆ. ಆದರೆ ಅರ್ಥಶಾಸ್ತ್ರದ ‘ನವ ಉದಾರವಾದ’ದಲ್ಲಿ ದಾನದ ಪ್ರಸಂಗವಿಲ್ಲ. ಸರಕಾರದ ನಿಯಂತ್ರಣಗಳನ್ನು ಸಡಿಲಿಸಿ, ಬೆಲೆಯನ್ನೂ ಕೂಲಿಯನ್ನೂ ಪೇಟೆಯ ತೀರ್ಮಾನಕ್ಕೆ ಒಪ್ಪಿಸಬೇಕೆಂಬುದು ಅದರ ಸಾರ. ಭಾರತವು 1991ರಲ್ಲಿ ಈ ಮಾರ್ಗವನ್ನು ಹಿಡಿಯಿತು. ಬಲದಲ್ಲಿ ಸಮರಲ್ಲದವರ ನಡುವಿನ ವ್ಯವಹಾರವನ್ನು ಸ್ವತಂತ್ರವೆನ್ನಲಾಗದೆಂಬುದು ಎಡಪಂಥೀಯರ ಮುಖ್ಯ ಆಕ್ಷೇಪ. ಇದರ ಪರೀಕ್ಷೆಗೆ ನಿಪ್ಪಾಣಿಯ ತಂಬಾಕಿನ ಪೇಟೆಯೇ ಸಾಕು.

1981ರಲ್ಲಿ ಈ ಸೀಮೆಯ ತಂಬಾಕು ಬೆಳೆಗಾರರು ನ್ಯಾಯವಾದ ಬೆಲೆಗಾಗಿ ಶೇತಕರಿ ಸಂಘಟನೆಯ ಶರದ ಜೋಶಿಯವರ ನೇತೃತ್ವದಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಧರಣಿ ಕುಳಿತರು. ಏಪ್ರಿಲ್ 6ರ ಗೋಲಿಬಾರಿನಲ್ಲಿ ರೈತರು ಪ್ರಾಣ ತೆತ್ತರು. ಅದೇ ಕಾಲಕ್ಕೆ ವಖಾರಿಗಳಲ್ಲಿ ತಂಬಾಕಿನ ಧೂಳಿನ ನಡುವೆ ದುಡಿಯುತ್ತಿದ್ದ ಸ್ತ್ರೀಯರೂ ಸಂಘ ಕಟ್ಟಿದ್ದರು. ಯುಗಾಂತರ್ ಮಹಿಳಾ ತಂಡವು 1982ರಲ್ಲಿ ಅವರ ಹೋರಾಟವನ್ನು ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರದಲ್ಲಿ ದಾಖಲಿಸಿತು.

ಮುಂದೆ ರೈತನಾಯಕರ ದಾರಿಗಳು ಕವಲೊಡೆದವು. ರೈತನನ್ನು ಸುಲಿಯುವುದು ಸರಕಾರದ ನಿಯಂತ್ರಣವೇ ಎಂದು ಬಗೆದ ಜೋಶಿಯವರು ಮುಕ್ತ ಪೇಟೆಯನ್ನು ಸ್ವಾಗತಿಸಿದರು. ಕರ್ನಾಟಕ ರಾಜ್ಯ ರೈತ ಸಂಘದ ಪ್ರೊ. ಎಂ. ಡಿ. ನಂಜುಂಡಸ್ವಾಮಿಯವರು ಡಂಕೆಲ್ ಕರಡನ್ನು ವಿರೋಧಿಸಿದರು. 1992ರ ಡಿಸೆಂಬರದಲ್ಲಿ ಸಂಘದ ಕಾರ್ಯಕರ್ತರು ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಸುಟ್ಟರು. ಇಬ್ಬರ ವಾದಕ್ಕೂ ಬಲವಿದೆ. ಆದರೆ ಹೊಲವಿಲ್ಲದೆ ಬೀಡಿ ಕಟ್ಟುವ ತಾಯಿಯ ಪ್ರಶ್ನೆಗೆ ಈ ಎರಡರಲ್ಲಿಯೂ ಪೂರ್ಣ ಉತ್ತರವಿಲ್ಲ.

ಆಕೆಗೆ ಆಧಾರವಾದದ್ದು ಸಂಘ ಮತ್ತು ಶಾಸನ. 1966ರಲ್ಲಿ ಬೀಡಿ ಕಾರ್ಮಿಕರ ಕಾಯಿದೆ ಬಂದಿತು. 1976ರ ಶಾಸನಗಳ ಮೇರೆಗೆ ಬೀಡಿಯ ಮೇಲೆ ವಿಧಿಸಿದ ಕರದಿಂದ ಕಲ್ಯಾಣ ನಿಧಿ ಬೆಳೆದು, ಔಷಧೋಪಚಾರ, ಮನೆ, ಮಕ್ಕಳ ವಿದ್ಯಾರ್ಥಿವೇತನಗಳಿಗೆ ಒದಗಿತು. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದಾಗ ಆ ಕರ ರದ್ದಾಯಿತು. ನಿಧಿಗೆ ಸ್ವಂತದ ಆದಾಯ ತಪ್ಪಿ, ಸರಕಾರದ ಅನುದಾನವೇ ಗತಿಯಾಯಿತು. ಪೇಟೆಯನ್ನು ಸರಳಗೊಳಿಸುವ ಸುಧಾರಣೆಯ ಭಾರ ಯಾರ ಮೇಲೆ ಬೀಳುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಹಾಗಾದರೆ ಪರ್ಯಾಯವೇನು? ತಂಬಾಕಿನ ಬೆಲೆ ಏರಿದರೆ ಕೂಲಿ ಹೆಚ್ಚಿಸಲಾಗದೆಂದು ವ್ಯಾಪಾರಿ ಹೇಳಬಲ್ಲನು. ಕೂಲಿ ಏರಿದರೆ ಬೆಲೆ ಕೊಡಲಾಗದೆಂದೂ ಹೇಳಬಲ್ಲನು. ರೈತ, ಕಾರ್ಮಿಕರು ಬೇರೆಬೇರೆಯಾಗಿ ನಿಂತಷ್ಟು ಕಾಲ ಎರಡು ಮಾತೂ ನಡೆಯುತ್ತವೆ. ಬೆಲೆ, ಕೂಲಿಗಳೆರಡನ್ನೂ ಒಂದೇ ಲೆಕ್ಕದಲ್ಲಿಟ್ಟು ಕೇಳುವ ಸಂಘಟನೆಯೇ ಪರ್ಯಾಯದ ಮೊದಲ ಮೆಟ್ಟಿಲು. ಬೆಳೆಗಾರನ ಮಗನೂ ಬೀಡಿ ಕಟ್ಟುವವಳ ಮಗಳೂ ಒಂದೇ ಹಲಗೆಯ ಮೇಲೆ ಕುಳಿತು ಕಲಿಯುವ ನಮ್ಮ ಭಾಗದ ಶಾಲೆಗಳಲ್ಲಿ ಈ ಲೆಕ್ಕವನ್ನು ಕಲಿಸುವುದು ಶಿಕ್ಷಕರಿಗೆ ಕಠಿಣವಾಗಲಾರದು.