ಟ್ರಾಕ್ಟರಿನ ಬ್ರೇಕು ಮತ್ತು ಲಿಫ್ಟನ್ನು ಹೊಂದಿಸುವ ಕ್ರಮ

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಸುತ್ತಮುತ್ತ ರಾಗಿಯ ಹೊಲಗಳನ್ನು ಉಳುವುದಕ್ಕೂ ಗದ್ದೆಗಳನ್ನು ಹದಮಾಡುವುದಕ್ಕೂ ಈಗ ಟ್ರಾಕ್ಟರು ಬಳಕೆಯಲ್ಲಿದೆ. ಎತ್ತುಗಳ ಲಾಳವನ್ನೂ ಹೆಗಲನ್ನೂ ಯಜಮಾನನು ತಾನೇ ನೋಡಿಕೊಳ್ಳುತ್ತಿದ್ದನು. ಯಂತ್ರವನ್ನಾದರೋ ಅನೇಕರು ಚಾಲಕನಿಗೇ ಬಿಟ್ಟಿರುವರು. ಇದು ತರವಲ್ಲ. ಸಮವಿಲ್ಲದ ಬ್ರೇಕು ರಸ್ತೆಯಲ್ಲಿ ಟ್ರಾಕ್ಟರನ್ನು ಮಗುಚಬಹುದು. ಜಾರಿ ಬಿದ್ದ ಉಪಕರಣವು ಕೆಳಗಿದ್ದವನ ಪ್ರಾಣವನ್ನೇ ತೆಗೆಯಬಹುದು. ಆದುದರಿಂದ ಈ ಎರಡು ಭಾಗಗಳ ಪರೀಕ್ಷೆಯನ್ನು ಪ್ರತಿಯೊಬ್ಬ ಜಮೀನುದಾರನೂ ತಿಳಿದಿರತಕ್ಕದ್ದು.

1. ಬ್ರೇಕು

ಎಡ ಬಲ ಹಿಂಗಾಲಿಗಳಿಗೆ ಬೇರೆ ಬೇರೆ ಪೆಡಲುಗಳಿರುವುವು. ಹೊಲದ ಅಂಚಿನಲ್ಲಿ ತಿರುಗುವಾಗ ಒಂದನ್ನೇ ತುಳಿಯುವುದುಂಟು. ಯಾವಾಗಲೂ ಒಂದೇ ಕಡೆಗೆ ತಿರುಗಿಸಿದರೆ ಆ ಕಡೆಯ ಬ್ರೇಕು ಬೇಗ ಸವೆಯುವುದು. ರಸ್ತೆಗೆ ಬರುವ ಮೊದಲು ಎರಡನ್ನೂ ಅಗುಳಿಯಿಂದ ಜೋಡಿಸತಕ್ಕದ್ದು. ಆದರೆ ಒಂದು ಸಡಿಲವಾಗಿದ್ದರೆ ಜೋಡಿಸಿಯೂ ಫಲವಿಲ್ಲ. ತುಳಿದೊಡನೆ ಟ್ರಾಕ್ಟರು ಬಿಗಿಯಾದ ಕಡೆಗೆ ಎಳೆಯುವುದು. ಹೇರು ತುಂಬಿದ ಟ್ರೈಲರು ಹಿಂದಿನಿಂದ ನೂಕಿ ಅದನ್ನು ಅಡ್ಡ ತಿರುಗಿಸುವುದು.

ಹೊಂದಿಸುವಾಗ ಟ್ರಾಕ್ಟರನ್ನು ಸಮನೆಲದಲ್ಲಿ ನಿಲ್ಲಿಸಿ, ಉಪಕರಣವನ್ನು ನೆಲಕ್ಕಿಳಿಸಿ, ಎಂಜಿನನ್ನು ನಿಲ್ಲಿಸಿ, ಗಾಲಿಗಳಿಗೆ ಕಲ್ಲು ಕೊಡಬೇಕು. ಅಗುಳಿಯನ್ನು ಬಿಡಿಸಿ, ಪ್ರತಿ ಪೆಡಲನ್ನೂ ಕೈಯಿಂದ ಒತ್ತಿ, ಬಿಗಿ ಹತ್ತುವವರೆಗೆ ಅದು ಸಡಿಲವಾಗಿ ಚಲಿಸುವ ದೂರವನ್ನು ಅಳೆಯಬೇಕು. ಈ ದೂರವು ತಯಾರಕರ ಕೈಪಿಡಿಯಲ್ಲಿ ಹೇಳಿದಷ್ಟಿದ್ದು, ಎರಡು ಕಡೆಯೂ ಸಮನಾಗಿರತಕ್ಕದ್ದು. ಇಲ್ಲದಿದ್ದರೆ ಬ್ರೇಕಿನ ಸರಳಿನಲ್ಲಿರುವ ಲಾಕ್‌ನಟ್ಟನ್ನು ಸಡಿಲಿಸಿ, ಹೊಂದಿಸುವ ನಟ್ಟನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ಲಾಕ್‌ನಟ್ಟನ್ನು ಮರಳಿ ಬಿಗಿಯಬೇಕು. ಬಳಿಕ ಪೆಡಲುಗಳನ್ನು ಜೋಡಿಸಿ, ಟ್ರೈಲರಿಲ್ಲದೆ, ಜನಸಂಚಾರವಿಲ್ಲದ ಸಮಸ್ಥಳದಲ್ಲಿ ನಿಧಾನವಾಗಿ ನಡೆಸಿ ನೋಡಬೇಕು. ಎಡಕ್ಕೆ ಎಳೆದರೆ ಎಡಗಡೆಯದನ್ನು ತುಸು ಸಡಿಲಿಸುವುದು. ಅತಿಯಾಗಿ ಬಿಗಿದರೆ ಬ್ರೇಕು ಕಾದು ಕೆಡುವುದು. ಇಷ್ಟಾದರೂ ಹಿಡಿಯದಿದ್ದರೆ ಒಳಗಿನ ಭಾಗ ಸವೆದಿರಬಹುದು, ಅಥವಾ ಒಣಬ್ರೇಕಿಗೆ ಎಣ್ಣೆ ಸೋರಿರಬಹುದು. ಅದು ಮೆಕ್ಯಾನಿಕನ ಕೆಲಸ.

2. ಲಿಫ್ಟು

ಹ್ಯಾರಿ ಫರ್ಗ್ಯುಸನ್ನನು ರೂಪಿಸಿದ ಈ ಏರ್ಪಾಡು 1939ರ ಫೋರ್ಡ್ ಟ್ರಾಕ್ಟರಿನೊಡನೆ ವಿಶೇಷವಾಗಿ ಹರಡಿತು. ಈಗಿನ ಅನೇಕ ಟ್ರಾಕ್ಟರುಗಳಲ್ಲಿ ಇದಕ್ಕೆ ಎರಡು ಲಿವರುಗಳಿರುವುವು. ಪೊಸಿಷನ್ ಲಿವರು ಉಪಕರಣವನ್ನು ಗೊತ್ತುಮಾಡಿದ ಎತ್ತರದಲ್ಲಿ ನಿಲ್ಲಿಸುವುದು. ರೋಟವೇಟರಿಗೂ ಮಟ್ಟದ ಹಲಗೆಗೂ ಇದು ತಕ್ಕದ್ದು. ಡ್ರಾಫ್ಟ್ ಲಿವರು ಎಳೆತದ ಭಾರವನ್ನು ಅನುಸರಿಸುವುದು. ನೇಗಿಲು ಗಟ್ಟಿನೆಲಕ್ಕೆ ತಗುಲಿದೊಡನೆ ಅದನ್ನು ತಾನಾಗಿ ತುಸು ಎತ್ತಿ, ಭಾರ ಕಡಮೆಯಾದಾಗ ಮತ್ತೆ ಇಳಿಸುವುದು. ಗಟ್ಟಿಯೂ ಮೆದುವೂ ಬೆರೆತ ಕೆಮ್ಮಣ್ಣಿನ ಹೊಲವನ್ನು ನೇಗಿಲಿನಿಂದ ಉಳುವಾಗ ಇದನ್ನೇ ಬಳಸತಕ್ಕದ್ದು. ಇಲ್ಲವಾದರೆ ಗಾಲಿ ಜಾರಿ ಡೀಸೆಲು ವ್ಯರ್ಥವಾಗುವುದು. ಬಳಸದ ಲಿವರನ್ನು ಕೈಪಿಡಿ ಹೇಳಿದ ಸ್ಥಾನದಲ್ಲಿಡಬೇಕು.

ಲಿಫ್ಟು ನಿಧಾನವಾದರೆ ಮೊದಲು ಎಣ್ಣೆಯ ಮಟ್ಟವನ್ನೂ ಫಿಲ್ಟರನ್ನೂ ನೋಡಬೇಕು. ಪೂರ್ತಿ ಎತ್ತಿದ ಮೇಲೂ ಪಂಪು ಒರಲುತ್ತಿದ್ದರೆ, ಅಥವಾ ಎಂಜಿನು ನಡೆಯುತ್ತಿರುವಾಗಲೇ ಉಪಕರಣವು ಕುಸಿಯುತ್ತಿದ್ದರೆ ಮೆಕ್ಯಾನಿಕನಿಂದ ದುರಸ್ತಿ ಮಾಡಿಸಬೇಕು. ಎತ್ತಿದ ಉಪಕರಣದ ಕೆಳಗೆ ಯಾರೂ, ಎಷ್ಟು ಹೊತ್ತಿಗೂ, ಕೈಯಿಡಲೇ ಕೂಡದು. ರೋಟವೇಟರಿಗೆ ಸುತ್ತಿದ ಹುಲ್ಲನ್ನು ತೆಗೆಯುವ ಮೊದಲು ಅದನ್ನು ನೆಲಕ್ಕಿಳಿಸಿ, ಎಂಜಿನನ್ನು ನಿಲ್ಲಿಸಿ, ಬೀಗದ ಕೈಯನ್ನು ತೆಗೆದುಕೊಳ್ಳತಕ್ಕದ್ದು.

ಉಳುಮೆಗೆ ಮುಂಚೆ ಒಂದು ದಿನ ಗ್ರಾಮದ ಮುಖಂಡರು ಊರಿನ ಟ್ರಾಕ್ಟರುಗಳನ್ನೆಲ್ಲ ಒಂದೆಡೆ ನಿಲ್ಲಿಸಿ, ಯಜಮಾನರ ಎದುರಿನಲ್ಲಿಯೇ ಈ ಪರೀಕ್ಷೆಗಳನ್ನು ಮಾಡಿಸುವುದು ಒಳ್ಳೆಯದು. ಬಾಡಿಗೆಗೆ ತಂದ ಯಂತ್ರಕ್ಕೂ ಇದೇ ನಿಯಮವು ಅನ್ವಯಿಸುವುದು.